ಘಾನಾದ ಅಳಿಯಕಟ್ಟು: ಸೋದರಮಾವನ ಉತ್ತರಕ್ರಿಯೆಗೆ ಅಳಿಯನೇ ಏಕೆ ಮುಂದಾಳು?

ಪ್ರಶ್ನೆ: ನಾವು ಉಡುಪಿ ಜಿಲ್ಲೆಯವರು. ಯಜಮಾನರ ಉದ್ಯೋಗದ ಕಾರಣ ಘಾನಾ ದೇಶದ ಕುಮಾಸಿಯಲ್ಲಿ ನೆಲೆಸಿದ್ದೇವೆ. ಅವರ ಸಹೋದ್ಯೋಗಿಯೊಬ್ಬರ ಸೋದರಮಾವ ತೀರಿಕೊಂಡು ಎರಡು ತಿಂಗಳಾಗಿದೆ. ಅಂತ್ಯಕ್ರಿಯೆಯನ್ನು ಬರುವ ಶನಿವಾರ ಇಟ್ಟುಕೊಂಡು ನಮ್ಮನ್ನೂ ಕರೆದಿದ್ದಾರೆ. ರಸ್ತೆಬದಿಯಲ್ಲಿ ಮೃತರ ದೊಡ್ಡ ಭಾವಚಿತ್ರದ ಫಲಕ ನಿಂತಿದೆ. ಅವರಿಗೆ ಹೆಂಡತಿ ಮಕ್ಕಳಿದ್ದರೂ ಫಲಕದಲ್ಲಿ ಮೊದಲು ಕಾಣುವುದು ಕುಟುಂಬದ ಹಿರಿಯರ ಮತ್ತು ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರ ಹೆಸರು. ಇದು ತಾಯಿಯ ಕಡೆಯಿಂದ ವಂಶ ಎಣಿಸುವ ನಮ್ಮ ಅಳಿಯಸಂತಾನದಂತೆಯೇ? ಸಾವಿನ ಕಾರ್ಯಕ್ಕೆ ಇಷ್ಟು ದೊಡ್ಡ ಏರ್ಪಾಡು ಏಕೆ? ನಾವು ಏನು ಉಡಬೇಕು, ಏನು ಕೊಡಬೇಕು, ಹೇಗೆ ನಡೆದುಕೊಳ್ಳಬೇಕು?

ಉತ್ತರ: ಬಹುಮಟ್ಟಿಗೆ ಅಳಿಯಸಂತಾನದಂತೆಯೇ. ನಿಮ್ಮ ಊರಿನ ಹಿರಿಯರಿಗೆ ಈ ಪದ್ಧತಿಯನ್ನು ವಿವರಿಸಲು ಹೆಚ್ಚು ಶ್ರಮ ಬೇಕಾಗಲಾರದು. ಆದರೆ ಹೋಲಿಕೆ ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ತಿಳಿದು ಹೋದರೆ ಶನಿವಾರ ನೀವು ಕಾಣುವ ಪ್ರತಿಯೊಂದು ಕ್ರಿಯೆಗೂ ಅರ್ಥ ದೊರೆಯುತ್ತದೆ. ಆದ್ದರಿಂದ ಉಡುಗೆ ಮತ್ತು ಕಾಣಿಕೆಯ ವಿಷಯಕ್ಕೆ ಬರುವ ಮೊದಲು ಕುಟುಂಬದ ಕಟ್ಟನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕುಮಾಸಿ ಅಸಾಂಟೆ ಜನರ ರಾಜಧಾನಿ. ಅಸಾಂಟೆಗಳು, ಕರಾವಳಿಯ ಫಾಂಟೆಗಳು, ಅಕ್ಯೆಮ್, ಅಕುಆಪೆಮ್ ಮತ್ತು ಬೊನೊ ಜನರು ಸೇರಿ ಅಕಾನ್ ಎಂಬ ದೊಡ್ಡ ಸಮುದಾಯವಾಗುತ್ತದೆ. ಘಾನಾದ ಜನಸಂಖ್ಯೆಯಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಅವರೇ. ಪೂರ್ವದ ಎವೆ ಜನರೂ ಉತ್ತರದ ದಗೊಂಬ ಜನರೂ ತಂದೆಯ ಕಡೆಯಿಂದ ವಂಶವನ್ನು ಎಣಿಸುತ್ತಾರೆ. ಉತ್ತರದ ಮುಸ್ಲಿಮರು ಸಾಮಾನ್ಯವಾಗಿ ಸಾವಿನ ದಿನವೇ ದಫನ ಮುಗಿಸುತ್ತಾರೆ. ಹಾಗಾಗಿ ನಾನು ಮುಂದೆ ಹೇಳುವುದನ್ನು ಇಡೀ ಘಾನಾದ ಪದ್ಧತಿ ಎಂದು ಭಾವಿಸಬೇಡಿ. ಇದು ಅಕಾನರ ಪದ್ಧತಿ, ಅದರಲ್ಲಿಯೂ ನಿಮ್ಮ ಸುತ್ತಲಿನ ಅಸಾಂಟೆಗಳದ್ದು.

ಅಕಾನರಲ್ಲಿ ಕುಟುಂಬಕ್ಕೆ ಅಬುಸುವಾ ಎನ್ನುತ್ತಾರೆ. ಮಗುವಿಗೆ ರಕ್ತ ಬರುವುದು ತಾಯಿಯಿಂದ ಎಂಬುದು ಅವರ ನಂಬಿಕೆಯ ಬುನಾದಿ. ಆ ರಕ್ತ ಹಂಚಿಕೊಂಡವರೆಲ್ಲ ಒಂದು ಅಬುಸುವಾ. ಅಂದರೆ ಒಬ್ಬ ಗಂಡಸಿನ ಅಬುಸುವಾದಲ್ಲಿ ಅವನ ತಾಯಿ, ತಾಯಿಯ ಒಡಹುಟ್ಟಿದವರು, ಅವನ ಅಕ್ಕತಂಗಿಯರು ಮತ್ತು ಆ ಅಕ್ಕತಂಗಿಯರ ಮಕ್ಕಳು ಇರುತ್ತಾರೆ. ಅವನ ಸ್ವಂತ ಮಕ್ಕಳು ಇರುವುದಿಲ್ಲ. ಅವರು ತಮ್ಮ ತಾಯಿಯ ಅಬುಸುವಾಕ್ಕೆ ಸೇರಿದವರು. ಅಸಾಂಟೆಗಳಲ್ಲಿ ಒಯೊಕೊ, ಬ್ರೆಟುವೊ, ಅಸೊನಾ, ಅಗೊನಾ, ಅಡುವಾನಾ ಮೊದಲಾದ ಎಂಟು ದೊಡ್ಡ ಕುಲಗಳಿವೆ. ಒಂದೇ ಕುಲದವರು ಎಷ್ಟು ದೂರದ ಊರಿನವರಾಗಿದ್ದರೂ ಪರಸ್ಪರ ಮದುವೆಯಾಗಬಾರದೆಂಬುದು ನಿಯಮ. ತುಳುನಾಡಿನ ಬಳಿಗಳು, ಅಂದರೆ ಕುಲಗಳು, ತಾಯಿಯಿಂದ ಇಳಿದುಬರುವುದನ್ನೂ ಒಂದೇ ಬಳಿಯಲ್ಲಿ ಸಂಬಂಧ ಕೂಡದೆನ್ನುವುದನ್ನೂ ಬಲ್ಲ ನಿಮಗೆ ಇಲ್ಲಿ ಹೊಸದೇನೂ ಕಾಣದು.

ಹಾಗೆಂದು ತಂದೆ ಲೆಕ್ಕಕ್ಕಿಲ್ಲದವನಲ್ಲ. ರಕ್ತ ತಾಯಿಯದಾದರೆ ಮನೋಬಲ ಮತ್ತು ಸ್ವಭಾವ ತಂದೆಯಿಂದ ಬರುತ್ತದೆ, ಜೀವ ದೇವರಾದ ನ್ಯಾಮೆಯಿಂದ ಬರುತ್ತದೆ ಎಂದು ಅಕಾನರು ಹೇಳುತ್ತಾರೆ. ಹುಟ್ಟಿದ ಎಂಟನೆಯ ದಿನ ಮಗುವಿಗೆ ಹೆಸರಿಡುವ ಹಕ್ಕು ತಂದೆಯದೇ. ಅಂದು ಹಿರಿಯರೊಬ್ಬರು ಬೆರಳನ್ನು ಮೊದಲು ನೀರಿನಲ್ಲಿ, ಬಳಿಕ ಮದ್ಯದಲ್ಲಿ ಅದ್ದಿ ಮಗುವಿನ ನಾಲಗೆಗೆ ಮುಟ್ಟಿಸಿ, ನೀರನ್ನು ನೀರೆಂದೇ, ಮದ್ಯವನ್ನು ಮದ್ಯವೆಂದೇ ಹೇಳು, ಸತ್ಯವನ್ನೇ ನುಡಿ ಎಂದು ಹರಸುತ್ತಾರೆ. ಇದರ ಜೊತೆಗೆ ಹುಟ್ಟಿದ ವಾರದ ಹೆಸರೊಂದು ತಾನಾಗಿಯೇ ಅಂಟಿಕೊಳ್ಳುತ್ತದೆ: ಶುಕ್ರವಾರದ ಗಂಡು ಕೋಫಿ, ಹೆಣ್ಣು ಅಫುವಾ; ಶನಿವಾರದ ಗಂಡು ಕ್ವಾಮೆ, ಹೆಣ್ಣು ಅಮಾ. 1957ರ ಮಾರ್ಚ್ 6ರಂದು ದೇಶವನ್ನು ಸ್ವಾತಂತ್ರ್ಯಕ್ಕೆ ತಂದ ಕ್ವಾಮೆ ಎನ್‌ಕ್ರುಮಾ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಇಬ್ಬರೂ ತಮ್ಮ ಹುಟ್ಟಿದ ವಾರವನ್ನು ಹೆಸರಿನಲ್ಲಿ ಹೊತ್ತವರು. ಶನಿವಾರ ಚಪ್ಪರದಲ್ಲಿ ಯಾರಾದರೂ ನಿಮ್ಮ ಮಕ್ಕಳು ಹುಟ್ಟಿದ ವಾರವನ್ನು ಕೇಳಬಹುದು. ಅವರು ನಿಮ್ಮ ಮಕ್ಕಳಿಗೆ ತಮ್ಮಲ್ಲೊಂದು ಹೆಸರು ಕೊಡಲಿದ್ದಾರೆ ಎಂದು ತಿಳಿದು ಸಂತೋಷದಿಂದ ಹೇಳಿ.

ಅಬುಸುವಾದ ಯಜಮಾನಿಕೆ ಅಬುಸುವಾಪಾನಿನ್ ಎಂಬ ಹಿರಿಯರದ್ದು, ಜೊತೆಯಲ್ಲಿ ಹಿರಿಯ ಹೆಂಗಸೊಬ್ಬರು ಇರುತ್ತಾರೆ. ವಂಶದ ನೆನಪು, ಯಾರು ಯಾರ ಮಗಳು, ಯಾರು ಯಾವ ಕವಲಿನವರು ಎಂಬ ತೀರ್ಮಾನ ಆ ಹೆಂಗಸಿನ ಬಾಯಲ್ಲಿದೆ. ಇದೇ ಕಟ್ಟು ರಾಜ್ಯದ ಮಟ್ಟದಲ್ಲಿಯೂ ನಡೆಯುತ್ತದೆ ಎಂಬುದನ್ನು ಕುಮಾಸಿಯಲ್ಲಿರುವ ನೀವು ಗಮನಿಸಬೇಕು. ಅಸಾಂಟೆ ಅರಸರಾದ ಅಸಾಂಟೆಹೆನೆ ಒಯೊಕೊ ಕುಲದವರೇ ಆಗಿರಬೇಕು. ಅವರ ಹೆಸರನ್ನು ಸೂಚಿಸುವ ಅಧಿಕಾರ ರಾಜಮಾತೆಯದು. ಈ ರಾಜಮಾತೆ ಅರಸನ ಹೆಂಡತಿಯಲ್ಲ. ಅರಸನ ತಾಯಿಯೋ ಅಕ್ಕತಂಗಿಯೋ ತಾಯಿಯ ಕಡೆಯ ಬೇರೊಬ್ಬ ಹೆಂಗಸೋ ಆಗಿರುತ್ತಾರೆ. ಈಗಿನ ಅಸಾಂಟೆಹೆನೆ ಎರಡನೆಯ ಒಸೆಯಿ ಟುಟು ಅವರು 1999ರಲ್ಲಿ ಪಟ್ಟಕ್ಕೆ ಬಂದಾಗ ರಾಜಮಾತೆಯಾಗಿದ್ದವರು ಅವರ ತಾಯಿ. 2016ರಲ್ಲಿ ತಾಯಿ ತೀರಿಕೊಂಡ ಮೇಲೆ ಆ ಪೀಠಕ್ಕೆ ಬಂದವರು ಅವರ ಸಹೋದರಿ. ಅಸಾಂಟೆಗಳ ಆತ್ಮವೆಂದು ಪೂಜಿಸಲಾಗುವ ಚಿನ್ನದ ಪೀಠವನ್ನು ತನಗೆ ಒಪ್ಪಿಸಬೇಕೆಂದು ಬ್ರಿಟಿಷ್ ಗವರ್ನರ್ 1900ರಲ್ಲಿ ಕೇಳಿದಾಗ ಸೈನ್ಯ ಕಟ್ಟಿದವರು ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ. ಯುದ್ಧದಲ್ಲಿ ಸೆರೆಸಿಕ್ಕ ಅವರು ಸೇಶೆಲ್ಸ್ ದ್ವೀಪದಲ್ಲಿ 1921ರಲ್ಲಿ ಕೊನೆಯುಸಿರೆಳೆದರು. ಬ್ರಿಟಿಷರಿಗೆ ಪೀಠ ಸಿಗಲಿಲ್ಲ. ಎಜಿಸು ನಿಮ್ಮ ನಗರಕ್ಕೆ ಹತ್ತಿರದಲ್ಲೇ ಇದೆ.

ಈಗ ಸಾವಿನ ಕಾರ್ಯದ ವಿಷಯ. ಒಬ್ಬ ವ್ಯಕ್ತಿ ಸತ್ತಾಗ ಅಬುಸುವಾ ತನ್ನ ರಕ್ತದ ಒಂದು ಭಾಗವನ್ನು ಕಳೆದುಕೊಳ್ಳುತ್ತದೆ. ಶವವನ್ನು ಎಲ್ಲಿ, ಯಾವಾಗ ಹೂಳಬೇಕೆಂಬ ನಿರ್ಧಾರ ಅಬುಸುವಾದ್ದು, ಹೆಂಡತಿ ಮಕ್ಕಳದ್ದಲ್ಲ. ಘಾನಾದ ನ್ಯಾಯಾಲಯಗಳೂ ಬಹುಪಾಲು ಇದನ್ನು ಒಪ್ಪಿಕೊಂಡು ಬಂದಿವೆ. ಸಾವು ಸಂಭವಿಸಿ ವಾರ ಕಳೆಯುತ್ತಲೇ ಮೃತರ ಮನೆಯ ಮುಂದೆ ಸಭೆ ಸೇರುತ್ತದೆ. ಅಲ್ಲಿಯೇ ಅಂತ್ಯಕ್ರಿಯೆಯ ದಿನ ಪ್ರಕಟವಾಗುತ್ತದೆ. ಅದುವರೆಗೆ ಶವ ಆಸ್ಪತ್ರೆಯ ಶವಾಗಾರದಲ್ಲಿರುತ್ತದೆ. ತಿಂಗಳುಗಟ್ಟಲೆ ಕಾಯುವುದಕ್ಕೆ ಕಾರಣಗಳಿವೆ: ಲಂಡನ್, ಆಮ್‌ಸ್ಟರ್‌ಡ್ಯಾಮ್, ನ್ಯೂಯಾರ್ಕ್‌ಗಳಲ್ಲಿ ದುಡಿಯುತ್ತಿರುವ ನೆಂಟರು ರಜೆ ಹಾಕಿ ಬರಬೇಕು, ಕುಟುಂಬದ ಮನೆಗೆ ಸುಣ್ಣಬಣ್ಣವಾಗಬೇಕು, ಮಾಡು ದುರಸ್ತಿಯಾಗಬೇಕು, ಹಣ ಒಟ್ಟಾಗಬೇಕು, ಊರಿನ ಮುಖ್ಯಸ್ಥರ ಒಪ್ಪಿಗೆ ಬೇಕು. ನೀವು ಹೇಳಿದ ರಸ್ತೆಬದಿಯ ಫಲಕವೂ ಆಡಂಬರಕ್ಕೆ ಮಾತ್ರವಲ್ಲ. ಅದರ ಕೆಳಗೆ ಅಬುಸುವಾಪಾನಿನ್, ಪ್ರಧಾನ ಶೋಕಾರ್ಥಿಗಳು, ಪತ್ನಿ, ಮಕ್ಕಳು, ಒಡಹುಟ್ಟಿದವರು, ಅಳಿಯಂದಿರು ಮತ್ತು ಸೊಸೆಯಂದಿರು ಎಂದು ಬೇರೆ ಬೇರೆ ಪಟ್ಟಿಯಲ್ಲಿ ಹೆಸರುಗಳಿರುತ್ತವೆ. ಯಾರಿಗೆ ಯಾವ ಹೊಣೆ, ಸಂತಾಪವನ್ನು ಯಾರಿಗೆ ಸಲ್ಲಿಸಬೇಕು ಎಂಬುದು ಅದನ್ನು ಓದಿದವರಿಗೆ ತಿಳಿದುಬಿಡುತ್ತದೆ.

ಹೆಂಡತಿ ಮಕ್ಕಳಿಗೆ ಸ್ಥಾನವಿಲ್ಲವೆಂಬ ನಿಮ್ಮ ಅನುಮಾನವನ್ನು ಇಲ್ಲಿಯೇ ಪರಿಹರಿಸುತ್ತೇನೆ. ತಂದೆಯ ಶವಪೆಟ್ಟಿಗೆಯನ್ನು ತರುವುದು ಸಂಪ್ರದಾಯದಂತೆ ಮಕ್ಕಳ ಕರ್ತವ್ಯ, ಮಕ್ಕಳ ಗೌರವ. ಶವವನ್ನು ಅಲಂಕರಿಸುವ ಬಟ್ಟೆ, ಹೊದಿಕೆ, ಸುಗಂಧ ಮುಂತಾದವನ್ನು ಹೆಂಡತಿ ತರಬೇಕು. ಕುಟುಂಬದವರ ಎದುರಿನಲ್ಲಿ ಒಂದೊಂದಾಗಿ ಎತ್ತಿ ತೋರಿಸಿ ಅವನ್ನು ಒಪ್ಪಿಸಲಾಗುತ್ತದೆ. ಇದನ್ನು ಸರಿಯಾಗಿ ಮಾಡದ ಮಕ್ಕಳನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಆದ್ದರಿಂದ ಫಲಕದಲ್ಲಿ ಅಳಿಯನ ಹೆಸರು ಮೇಲಿದೆ ಎಂದರೆ ಕಾರ್ಯವನ್ನು ನಡೆಸುವವರು, ಸಾಲ ಬಂದರೆ ಹೊರುವವರು ಅವರು ಎಂದು ಅರ್ಥವೇ ಹೊರತು ಮಕ್ಕಳು ಪರಕೀಯರೆಂದಲ್ಲ.

ಶನಿವಾರ ಬೆಳಗಿನ ಜಾವ ಶವವನ್ನು ಅಲಂಕರಿಸಿ ದರ್ಶನಕ್ಕಿಡುತ್ತಾರೆ. ಹೆಚ್ಚಿನವರು ಕ್ರೈಸ್ತರಾದ್ದರಿಂದ ಬಳಿಕ ಪ್ರಾರ್ಥನೆ, ಆಮೇಲೆ ದಫನ. ನಿಮ್ಮಂತಹ ಅತಿಥಿಗಳನ್ನು ಸಾಮಾನ್ಯವಾಗಿ ನಿರೀಕ್ಷಿಸುವುದು ಅನಂತರದ ಸಭೆಗೆ. ಬಯಲಿನಲ್ಲಿ ನಾಲ್ಕೂ ಬದಿಗೆ ಚಪ್ಪರ ಹಾಕಿ, ನಡುವೆ ಅಂಗಳ ಬಿಟ್ಟು, ಒಂದು ಬದಿಯಲ್ಲಿ ಅಬುಸುವಾದವರು, ಇನ್ನೊಂದರಲ್ಲಿ ಮಕ್ಕಳ ಕಡೆಯವರು, ಉಳಿದವುಗಳಲ್ಲಿ ಬಂದವರು ಕೂರುತ್ತಾರೆ. ಒಳಬಂದವರು ಮೊದಲು ಕುರ್ಚಿ ಹುಡುಕುವುದಿಲ್ಲ. ಅವರು ಸಾಲಿನ ಬಲತುದಿಯಿಂದ ಎಡಕ್ಕೆ ನಡೆಯುತ್ತಾ ಪ್ರತಿಯೊಬ್ಬರಿಗೂ ಬಲಗೈಯಿಂದ ಕೈಕುಲುಕುತ್ತಾರೆ, ಬಳಿಕವೇ ಕುಳಿತುಕೊಳ್ಳುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮನೆಯವರ ಸಾಲು ಎದ್ದು ಬಂದು ಇವರಿಗೆ ಕೈಕುಲುಕಿ ಕುಡಿಯಲು ನೀರು ಕೊಡುತ್ತದೆ. ಈ ಎರಡು ಸುತ್ತು ಮುಗಿಯುವವರೆಗೆ ನೀವು ಬಂದಿದ್ದೀರಿ ಎಂದು ಲೆಕ್ಕವೇ ಇಲ್ಲ.

ಚಪ್ಪರದ ಒಂದು ಬದಿಯ ಮೇಜನ್ನು ಗಮನಿಸಿ ನೋಡಿ, ಏಕೆಂದರೆ ನನ್ನ ಅಭಿಪ್ರಾಯದಲ್ಲಿ ಇಡೀ ಕಾರ್ಯದ ಒಳಗುಟ್ಟು ಅಲ್ಲಿದೆ. ಅಲ್ಲಿ ಒಬ್ಬರ ಮುಂದೆ ಉದ್ದದ ಪುಸ್ತಕ, ಇನ್ನೊಬ್ಬರ ಕೈಯಲ್ಲಿ ರಸೀದಿ ಪುಸ್ತಕ, ಹತ್ತಿರದಲ್ಲಿ ಮೈಕು. ಬಂದವರು ಕೊಡುವ ಹಣಕ್ಕೆ ನ್ಸಾವಾ ಎನ್ನುತ್ತಾರೆ. ಕೊಟ್ಟವರ ಹೆಸರು ಮತ್ತು ಮೊತ್ತ ಪುಸ್ತಕದಲ್ಲಿ ದಾಖಲಾಗುತ್ತದೆ, ರಸೀದಿ ಹರಿದು ಕೈಗಿಡುತ್ತಾರೆ, ಇಂಥವರು ಇಷ್ಟು ಕೊಟ್ಟರು ಎಂದು ಮೈಕಿನಲ್ಲಿ ಸಾರುತ್ತಾರೆ. ಕೂಡಲೇ ಕುಟುಂಬದವರೊಬ್ಬರು ಬಂದು ವಂದನೆ ಹೇಳುತ್ತಾರೆ. ಅಂಗಳದಲ್ಲಿ ಅತ್ತ ಹೆಂಗಸರು ಅಡೋವಾ ಕುಣಿತ ಕುಣಿಯುತ್ತಿರುತ್ತಾರೆ. ಆ ಕುಣಿತದಲ್ಲಿ ಕೈಗಳು ತಲೆಯ ಮೇಲೆ, ಎದೆಯ ಮೇಲೆ ಚಲಿಸುವ ಒಂದೊಂದು ಬಗೆಯೂ ಅನಾಥಳಾದೆ, ಆಸರೆ ಹೋಯಿತು ಎಂಬಂತಹ ಮಾತನ್ನು ಹೇಳುತ್ತದೆ. ಭಾನುವಾರ ಬಿಳಿ ಅಥವಾ ಕಪ್ಪುಬಿಳಿ ಬಟ್ಟೆಯುಟ್ಟು ಚರ್ಚಿನಲ್ಲಿ ಕೃತಜ್ಞತಾ ಪ್ರಾರ್ಥನೆ ನಡೆಯುತ್ತದೆ. ಅದಾದ ಮೇಲೆ ಅಬುಸುವಾ ಒಳಗೆ ಕುಳಿತು ಲೆಕ್ಕ ಬಿಡಿಸುತ್ತದೆ. ಬಂದ ನ್ಸಾವಾದಿಂದ ಖರ್ಚು ಕಳೆದು ಸಾಲ ಉಳಿದರೆ ಅದನ್ನು ವಯಸ್ಕ ಸದಸ್ಯರ ನಡುವೆ ಹಂಚುತ್ತಾರೆ. ಈ ಸಾಲದ ಪಾಲನ್ನು ಹೊರುವವರೇ ಅಬುಸುವಾದ ನಿಜವಾದ ಸದಸ್ಯರು. ಪರ ಊರಿನಲ್ಲಿದ್ದೂ ಪಾಲು ಕಳಿಸಿದವನ ಹೆಸರು ಕುಟುಂಬದಲ್ಲಿ ಉಳಿಯುತ್ತದೆ; ಕೊಡದೆ ತಪ್ಪಿಸಿಕೊಳ್ಳುವವನು ತನ್ನ ಮನೆಯಲ್ಲಿ ಸಾವಾದಾಗ ಚಪ್ಪರದ ಖಾಲಿ ಕುರ್ಚಿಗಳನ್ನು ನೋಡಬೇಕಾಗುತ್ತದೆ. ನಿಮ್ಮ ಸಹೋದ್ಯೋಗಿ ಎರಡು ತಿಂಗಳಿಂದ ಕಚೇರಿಯ ಬಿಡುವಿನಲ್ಲೆಲ್ಲ ಫೋನಿನಲ್ಲಿದ್ದರೆ ಆಶ್ಚರ್ಯವಿಲ್ಲ.

ಇಷ್ಟು ಖರ್ಚು ಸರಿಯೇ ಎಂಬ ಪ್ರಶ್ನೆ ಘಾನಾದಲ್ಲಿಯೇ ಜೋರಾಗಿ ಕೇಳಿಬರುತ್ತಿದೆ. ಸಾಂಪ್ರದಾಯಿಕ ಮುಖ್ಯಸ್ಥರೂ ಚರ್ಚುಗಳೂ ಕಾರ್ಯವನ್ನು ಸರಳವಾಗಿ, ಬೇಗ ಮುಗಿಸಿರೆಂದು ಕರೆ ಕೊಡುತ್ತಾ ಬಂದಿದ್ದಾರೆ. ಕುಟುಂಬಕ್ಕೆ ಹೆಣದ ಮೇಲೆ ಪ್ರೀತಿ ಎಂಬ ಅಕಾನ್ ಗಾದೆಯೊಂದಿದೆ: ಕಾಯಿಲೆಯಲ್ಲಿ ಔಷಧಕ್ಕೆ ಹಣ ಕೊಡದವರು ಸತ್ತ ಮೇಲೆ ಧಾರಾಳಿಗಳಾಗುತ್ತಾರೆ ಎಂಬ ನೋವು ಅದರಲ್ಲಿದೆ. ಈ ಟೀಕೆ ನ್ಯಾಯವಾದುದೆಂದೇ ನಾನು ಭಾವಿಸುತ್ತೇನೆ. ಆದರೂ ಹೊರಗಿನವರು ಇದನ್ನು ಬರಿಯ ದುಂದು ಎಂದು ತಳ್ಳಿಹಾಕಬಾರದು. ದೇಶವಿದೇಶಗಳಿಗೆ ಚದುರಿಹೋದ ಅಬುಸುವಾ ಒಂದೆಡೆ ಸೇರುವುದು, ಹಳೆಯ ಜಗಳಗಳು ತೀರುವುದು, ಎಳೆಯರು ತಮ್ಮ ಕವಲನ್ನು ಅರಿಯುವುದು ಈ ಒಂದೇ ಸಂದರ್ಭದಲ್ಲಿ. ತುಳುನಾಡಿನಲ್ಲಿ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ದಿನ ಕುಟುಂಬದ ಮನೆ ತುಂಬುವುದಕ್ಕೂ ಇಂತಹ ಕಾರಣವೇ ಇದೆ.

ಅಳಿಯಸಂತಾನದೊಡನೆ ಹೋಲಿಕೆ ಬೇರೆಯಾಗುವುದು ಆಸ್ತಿಯ ವಿಷಯದಲ್ಲಿ, ಅದೂ ಕಾನೂನಿನ ನಡೆಯಲ್ಲಿ. ಹಳೆಯ ಅಕಾನ್ ನಿಯಮದಂತೆ ಗಂಡಸಿನ ಆಸ್ತಿ ಅವನ ಸಹೋದರರಿಗೆ, ಅವರ ಬಳಿಕ ಅಕ್ಕತಂಗಿಯರ ಗಂಡುಮಕ್ಕಳಿಗೆ ಹೋಗುತ್ತಿತ್ತು. ಸೋದರಮಾವನನ್ನು ವೊಫಾ ಎನ್ನುತ್ತಾರೆ. ವೊಫಾ ಇರುವಾಗ ದುಡಿಯುವುದೇಕೆ ಎಂಬ ಮಾತು ಅಲ್ಲಿ ಸೋಮಾರಿ ಅಳಿಯಂದಿರನ್ನು ಗದರುವಾಗ ಬರುತ್ತದೆ. ಈ ವ್ಯವಸ್ಥೆಗೆ ಪೆಟ್ಟು ಕೊಟ್ಟದ್ದು ಕೋಕೋ. ಟೆಟ್ಟೆ ಕ್ವಾರ್ಶಿ ಎಂಬವರು 1879ರಲ್ಲಿ ಫರ್ನಾಂಡೊ ಪೊ ದ್ವೀಪದಿಂದ ಕೋಕೋ ಬೀಜ ತಂದು ಅಕುಆಪೆಮ್ ಪ್ರದೇಶದ ಮಾಂಪಾಂಗ್‌ನಲ್ಲಿ ನೆಟ್ಟ ಬಳಿಕ ಅದು ದಕ್ಷಿಣದ ಕಾಡುಗಳಿಗೆಲ್ಲ ಹಬ್ಬಿತು. ಗಿಡ ನೆಟ್ಟು ಫಸಲು ಬರುವುದಕ್ಕೆ ವರ್ಷಗಳು ಬೇಕು. ಆ ವರ್ಷಗಳಲ್ಲಿ ತೋಟದಲ್ಲಿ ಬೆವರು ಸುರಿಸಿದವರು ಹೆಂಡತಿ ಮತ್ತು ಮಕ್ಕಳು. ಯಜಮಾನ ಸತ್ತ ಮೇಲೆ ಆ ತೋಟ ಅವನ ಅಕ್ಕನ ಮಗನ ಪಾಲಾಗಿ, ದುಡಿದವರು ಮನೆಯಿಂದ ಹೊರಬೀಳುವ ಪ್ರಸಂಗಗಳು ಹೆಚ್ಚಿದವು. ಅನೇಕ ತಂದೆಯರು ಬದುಕಿರುವಾಗಲೇ ಸಾಕ್ಷಿಗಳ ಮುಂದೆ ಮಕ್ಕಳಿಗೆ ತೋಟ ದಾನ ಮಾಡುವ ದಾರಿ ಹಿಡಿದರು. ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ.

ಕೊನೆಗೆ 1985ರಲ್ಲಿ, ಜೆರಿ ರಾಲಿಂಗ್ಸ್ ಅವರ ಆಡಳಿತದಲ್ಲಿ, ಉಯಿಲು ಬರೆಯದೆ ಸತ್ತವರ ಉತ್ತರಾಧಿಕಾರ ಕಾನೂನು ಬಂದಿತು. ಅದರ ಪ್ರಕಾರ ಸ್ವಂತ ಸಂಪಾದನೆಯ ಮನೆ ಮತ್ತು ಮನೆಸಾಮಾನು ಹೆಂಡತಿ ಮಕ್ಕಳಿಗೆ ಸೇರುತ್ತದೆ. ಉಳಿದ ಸ್ವಯಾರ್ಜಿತವನ್ನು 16 ಪಾಲು ಮಾಡಿದರೆ 9 ಪಾಲು ಮಕ್ಕಳಿಗೆ, 3 ಪಾಲು ಪತಿ ಅಥವಾ ಪತ್ನಿಗೆ, 2 ಪಾಲು ಬದುಕಿರುವ ತಂದೆತಾಯಿಗೆ, ಇನ್ನೆರಡು ಪಾಲು ಸಂಪ್ರದಾಯದ ನಿಯಮಕ್ಕೆ, ಅಂದರೆ ಅಬುಸುವಾಕ್ಕೆ ಹೋಗುತ್ತದೆ. ಅಬುಸುವಾದ ಒಟ್ಟು ಆಸ್ತಿಯನ್ನು ಮಾತ್ರ ಈ ಕಾನೂನು ಮುಟ್ಟಲಿಲ್ಲ. ನಮ್ಮ ಕರಾವಳಿಯಲ್ಲಿ 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟು ಕುಟುಂಬದ ಆಸ್ತಿಯನ್ನೇ ಒಡೆಯಲು ದಾರಿ ಮಾಡಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮುಂದಿನ ಹೆಜ್ಜೆ ಇಟ್ಟಿತು. ತುಳುನಾಡಿನಲ್ಲಿ ಬಳಿ ಉಳಿದು ಆಸ್ತಿ ಹಂಚಿಹೋಯಿತು. ಘಾನಾದಲ್ಲಿ ಗಳಿಕೆ ಮಕ್ಕಳಿಗೆ ಹೋದರೂ ಕುಟುಂಬದ ಮನೆ, ಕುಟುಂಬದ ನೆಲ ಅಬುಸುವಾದ ಕೈಯಲ್ಲೇ ಉಳಿಯಿತು. ಅಬುಸುವಾ ಇಂದಿಗೂ ಇಷ್ಟು ಗಟ್ಟಿಯಾಗಿರುವುದಕ್ಕೆ ಇದು ಮುಖ್ಯ ಕಾರಣವೆಂದು ನನ್ನ ತಿಳಿವಳಿಕೆ. ಕಾನೂನು ಇದ್ದರೂ ಹಳ್ಳಿಗಳಲ್ಲಿ ವಿಧವೆಯರಿಗೆ ಅದರ ಫಲ ಸುಲಭವಾಗಿ ಸಿಗುವುದಿಲ್ಲ ಎಂಬುದನ್ನೂ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ.

ಇನ್ನು ಉಡುಗೆ. ಸೀರೆ ಉಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ, ಆದರೆ ಬಣ್ಣದಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಸಾವಿನ ಮನೆಗೆ ಬಿಳಿ ಉಟ್ಟು ಹೋಗುವವರಿದ್ದಾರೆ. ಅಸಾಂಟೆಗಳಲ್ಲಿ ಬಿಳಿ ಜಯದ, ಸಂತೋಷದ ಬಣ್ಣ. ತುಂಬು ಬಾಳು ಬಾಳಿದ ಮುದುಕರ ಕಾರ್ಯಕ್ಕೆ, ಭಾನುವಾರದ ಪ್ರಾರ್ಥನೆಗೆ ಅದು ಸಲ್ಲುತ್ತದೆ. ಶನಿವಾರಕ್ಕೆ ಕಪ್ಪು ಬಣ್ಣದ ಸಾದಾ ಸೀರೆ ಸಾಕು. ಕೆಂಪು ಹತ್ತಿರದ ರಕ್ತಸಂಬಂಧಿಗಳ ತೀವ್ರ ದುಃಖವನ್ನು ಸೂಚಿಸುವುದರಿಂದ ಅದನ್ನು ಅವರಿಗೆ ಬಿಡುವುದು ಒಳ್ಳೆಯದು. ಯಜಮಾನರು ಕಪ್ಪು ಅಂಗಿ, ಕಪ್ಪು ಪ್ಯಾಂಟು ಧರಿಸಲಿ. ಬೊನ್ವಿರೆಯಲ್ಲಿ ನೇಯುವ ಬಣ್ಣಬಣ್ಣದ ಕೆಂಟೆ ಬಟ್ಟೆಯನ್ನು ಕೊಂಡಿಟ್ಟಿದ್ದರೆ ಅದನ್ನು ಮದುವೆಗೋ ಹಬ್ಬಕ್ಕೋ ಉಳಿಸಿಕೊಳ್ಳಿ. ಅಲ್ಲಿ ಹಿರಿಯ ಗಂಡಸರು ಎಡ ಹೆಗಲ ಮೇಲೆ ಹೊದ್ದ ಗಾಢ ಬಣ್ಣದ ಬಟ್ಟೆಯಲ್ಲಿ ಮುದ್ರೆಗಳ ಸಾಲು ಕಂಡರೆ ಅದು ಅಡಿಂಕ್ರಾ. ಕುಮಾಸಿಯ ಹೊರವಲಯದ ಎನ್‌ಟೊನ್ಸೊ ಊರಿನಲ್ಲಿ ಮರದ ತೊಗಟೆಯನ್ನು ಕುಟ್ಟಿ, ನೆನೆಸಿ, ಕಪ್ಪಗೆ ಗಟ್ಟಿಯಾಗುವವರೆಗೆ ಕುದಿಸಿ ಮಸಿ ಮಾಡುತ್ತಾರೆ. ಒಣ ಸೋರೆಬುರುಡೆಯ ಚೂರಿನಲ್ಲಿ ಮುದ್ರೆ ಕೆತ್ತಿ, ಹಿಡಿಯಲು ಕಡ್ಡಿ ಕಟ್ಟಿ, ಹರವಿದ ಬಟ್ಟೆಯ ಮೇಲೆ ಒಂದೇ ಒತ್ತಿನಲ್ಲಿ ಮೂಡಿಸುತ್ತಾ ಹೋಗುತ್ತಾರೆ. ಬಿಡುವಿನ ದಿನ ಹೋಗಿ ನೋಡಿ ಬನ್ನಿ.

ಕಾಣಿಕೆಗೆ ಸೆಡಿ ನೋಟುಗಳನ್ನು ಲಕೋಟೆಯಲ್ಲಿಟ್ಟು ಹೊರಗೆ ನಿಮ್ಮಿಬ್ಬರ ಹೆಸರು ಸ್ಪಷ್ಟವಾಗಿ ಬರೆದು ಆ ಮೇಜಿಗೇ ಕೊಡಿ. ಸಹೋದ್ಯೋಗಿಯ ಕೈಗೆ ಕೊಡಬೇಡಿ, ಏಕೆಂದರೆ ಅದು ಅವರಿಗಲ್ಲ, ಅಬುಸುವಾಕ್ಕೆ. ಕಚೇರಿಯವರು ಒಟ್ಟಾಗಿ ಕೊಡುವ ಏರ್ಪಾಡಿದೆಯೇ ಎಂದು ಮೊದಲೇ ವಿಚಾರಿಸಿ, ಉಳಿದ ಸಹೋದ್ಯೋಗಿಗಳು ಕೊಡುವ ಮಟ್ಟದಲ್ಲಿ ಕೊಟ್ಟರೆ ಸಾಕು. ಬಹಳ ಹೆಚ್ಚು ಕೊಟ್ಟರೆ ಅದನ್ನು ಮೈಕಿನಲ್ಲಿ ಸಾರಿದಾಗ ಕುಟುಂಬದವರಿಗೇ ಮುಜುಗರವಾದೀತು. ರಸೀದಿಯನ್ನು ಬೇಡವೆನ್ನದೆ ತೆಗೆದುಕೊಳ್ಳಿ. ಕೊಡುವುದು, ತೆಗೆದುಕೊಳ್ಳುವುದು, ಕೈ ಬೀಸಿ ಕರೆಯುವುದು ಎಲ್ಲವೂ ಬಲಗೈಯಿಂದಲೇ ಆಗಬೇಕು. ಎಡಗೈ ಚಾಚುವುದನ್ನು ಅವರು ಅವಮಾನವೆಂದು ಕಾಣುತ್ತಾರೆ. ಕೈಕುಲುಕುವಾಗ ಮೆಲುದನಿಯಲ್ಲಿ ದುವೆ ಎಂದರೆ ಸಂತಾಪ ಹೇಳಿದಂತಾಯಿತು. ಅಬುಸುವಾದವರ ಸಾಲು ಮುಗಿಸಿದ ಮೇಲೆ ಮಕ್ಕಳು ಮತ್ತು ಪತ್ನಿ ಕುಳಿತಲ್ಲಿಗೂ ಹೋಗಿ ಕೈಕುಲುಕಿ.

ಊಟದ ಏರ್ಪಾಡು ಇದ್ದರೆ ಮೀನು ಅಥವಾ ಮಾಂಸ ಇರದ ಪದಾರ್ಥ ಕಡಿಮೆ. ಕೆಸುವಿನ ಜಾತಿಯ ಎಲೆಯಿಂದ ಮಾಡುವ ಕೊಂಟೊಮಿರೆ ಪಲ್ಯ ನೋಡಲು ಪರಿಚಿತವೆನಿಸಿದರೂ ಅದರಲ್ಲಿ ಸಾಮಾನ್ಯವಾಗಿ ಒಣಮೀನು ಬೆರೆತಿರುತ್ತದೆ. ಕರಿದ ಬಾಳೆಹಣ್ಣು ಮತ್ತು ಅನ್ನ ಸಿಗಬಹುದು. ನೀವು ಸಸ್ಯಾಹಾರಿಗಳಾಗಿದ್ದರೆ ಹೊರಡುವ ಮುನ್ನ ಮನೆಯಲ್ಲಿ ಉಂಡು ಹೋಗಿ, ಅಲ್ಲಿ ಕೊಡುವ ನೀರಿನ ಬಾಟಲಿಯನ್ನು ಮಾತ್ರ ನಿರಾಕರಿಸಬೇಡಿ. ವರ್ಷಾಂತಿಕಕ್ಕೆ ಕುಟುಂಬ ಮತ್ತೆ ಸೇರುವುದುಂಟು. ಅದಕ್ಕೂ ಕರೆ ಬಂದರೆ ಬಟ್ಟೆಯ ಬಣ್ಣವನ್ನು ನಿಮ್ಮ ಸಹೋದ್ಯೋಗಿಯಲ್ಲಿಯೇ ಕೇಳಿ. ಪ್ರತಿ ಕುಟುಂಬವೂ ಅದನ್ನು ತನ್ನದೇ ಆದ ರೀತಿಯಲ್ಲಿ ನಿರ್ಧರಿಸುತ್ತದೆ, ಮತ್ತು ಹಾಗೆ ಕೇಳುವುದನ್ನು ಅಲ್ಲಿ ಗೌರವವೆಂದೇ ತಿಳಿಯುತ್ತಾರೆ.